ಉಯ್ಗುರರ ಬಂಧನವೂ ಸರಕಾರದ ಸಾಕ್ಷಿಗಳೂ

ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬಣ್ಣಿಸಿದ ಹ್ಯುಯೆನ್‌ತ್ಸಾಂಗನು ಸ್ವದೇಶಕ್ಕೆ ಹಿಂದಿರುಗುವಾಗ ಕಾಷ್ಗರ, ಖೋತಾನಗಳನ್ನು ಹಾದುಹೋದನೆಂಬುದನ್ನು ವಾಚಕರು ಬಲ್ಲರು. ಆ ಪ್ರಾಂತವೇ ಇಂದಿನ ಚೀನಾದೇಶದ ಷಿನ್‌ಜಿಯಾಂಗ್. ತುರ್ಕೀ ವರ್ಗದ ಭಾಷೆಯನ್ನಾಡುವ, ಇಸ್ಲಾಂ ಮತಾವಲಂಬಿಗಳಾದ ಉಯ್ಗುರರು ಅಲ್ಲಿ ಬಹುಕಾಲದಿಂದ ನೆಲೆಸಿರುವರು. ೨೦೨೦ರ ಜನಗಣತಿಯಲ್ಲಿ ಅವರ ಸಂಖ್ಯೆ ಸುಮಾರು ೧ ಕೋಟಿ ೧೬ ಲಕ್ಷ. ೨೦೧೭ರಿಂದೀಚೆಗೆ ಇವರಲ್ಲಿ ಲಕ್ಷಾಂತರ ಜನರು ನ್ಯಾಯವಿಚಾರಣೆಯಿಲ್ಲದೆ ಶಿಬಿರಗಳಲ್ಲಿ ಬಂಧಿತರಾದರು. ಇದನ್ನು ಅಲ್ಲಗಳೆಯಲು ಸರಕಾರವು ಮುಂದೊಡ್ಡಿದ ಸಾಕ್ಷ್ಯಕ್ಕೆ ಚರಿತ್ರಕಾರನು ಎಷ್ಟು ಬೆಲೆ ಕೊಡಬೇಕೆಂಬುದೇ ಪ್ರಕೃತ ವಿಷಯ.

ಸರಕಾರದವರು ಹೇಳುವ ಕಾರಣವು ಭಯೋತ್ಪಾದನೆಯ ದಮನ. ೨೦೦೯ರಲ್ಲಿ ಉರುಂಚಿಯ ಗಲಭೆಯಲ್ಲಿ ಸುಮಾರು ೨೦೦ ಮಂದಿಯೂ, ೨೦೧೪ರಲ್ಲಿ ಕುನ್‌ಮಿಂಗ್ ರೈಲುನಿಲ್ದಾಣದಲ್ಲಿ ೩೧ ಮಂದಿಯೂ ಹತರಾದುದು ನಿಜ. ಹಂತಕರನ್ನು ದಂಡಿಸುವುದು ರಾಜಧರ್ಮವೇ ಸರಿ. ಆದರೆ ೨೦೨೦ರಲ್ಲಿ ಹೊರಬಿದ್ದ ಕರಾಕಾಷ್ ಜಿಲ್ಲೆಯ ಪಟ್ಟಿಯಲ್ಲಿ ಗಡ್ಡ ಬಿಟ್ಟುದು, ಮುಸುಕು ಧರಿಸಿದುದು, ರಹದಾರಿಗೆ ಅರ್ಜಿ ಹಾಕಿದುದು ಇವೇ ಬಂಧನದ ಕಾರಣಗಳೆಂದು ಬರೆದಿರುತ್ತದೆ.

ಇನ್ನು ಸರಕಾರದ ಮಾತುಗಳನ್ನೇ ಕಾಲಾನುಕ್ರಮವಾಗಿ ನೋಡೋಣ. ೨೦೧೮ರ ಆಗಸ್ಟಿನಲ್ಲಿ ಜಿನೀವದಲ್ಲಿ ಸಂಯುಕ್ತ ರಾಷ್ಟ್ರಗಳ ಸಮಿತಿಯ ಮುಂದೆ ಚೀನೀ ಪ್ರತಿನಿಧಿಯು, ಮನಸ್ವೀ ಬಂಧನವೂ ಇಲ್ಲ, ‘ಮರುಶಿಕ್ಷಣ’ದ ಕೇಂದ್ರಗಳೂ ಇಲ್ಲ, ಅಲ್ಪಾಪರಾಧಿಗಳಿಗೆ ವೃತ್ತಿಶಿಕ್ಷಣವನ್ನು ಕೊಡುತ್ತಿರುವೆವಷ್ಟೇ ಎಂದನು. ಎರಡು ತಿಂಗಳಲ್ಲಿ ಪ್ರಾಂತದ ಶಾಸನವು ತಿದ್ದಲ್ಪಟ್ಟು, ಅಂಥ ಕೇಂದ್ರಗಳಿಗೆ ವಿಧಿಬದ್ಧ ಸ್ಥಾನ ದೊರೆಯಿತು. ಅದೇ ತಿಂಗಳು ಸರಕಾರದ ದೂರದರ್ಶನವು ಖೋತಾನದ ಕೇಂದ್ರವೊಂದನ್ನು ತೋರಿಸಿತು. ಶಿಕ್ಷಣಾರ್ಥಿಗಳು ಪಾಠ ಒಪ್ಪಿಸಿ, ಹೊಲಿಗೆ ಕಲಿತು, ಕೃತಜ್ಞತೆಯನ್ನು ಸೂಚಿಸಿದರು. ೨೦೧೯ರ ಡಿಸೆಂಬರಿನಲ್ಲಿ ಪ್ರಾಂತಾಧ್ಯಕ್ಷ ಷೋಹ್ರತ್ ಜಾಕಿರನು, ಎಲ್ಲರೂ ಶಿಕ್ಷಣವನ್ನು ಮುಗಿಸಿದರೆಂದು ಸಾರಿದನು. ಜನರನ್ನು ಕೂಡಿಹಾಕಿದ್ದು ೨೦೧೭ರಲ್ಲಿ. ಅದಕ್ಕೆ ಶಾಸನದ ಆಧಾರ ಹುಟ್ಟಿದ್ದು ೨೦೧೮ರಲ್ಲಿ. ಮಗು ಹುಟ್ಟಿದ ಮೇಲೆ ಜಾತಕ ಬರೆಯುವುದುಂಟು; ಆದರೆ ಸೆರೆ ಹಿಡಿದ ಮೇಲೆ ಶಾಸನ ಬರೆಯುವುದು ನ್ಯಾಯವಲ್ಲ.

ಒಬ್ಬ ಕಲಾವಿದನ ಪ್ರಸಂಗವು ಇನ್ನೂ ಬೋಧಪ್ರದವಾಗಿದೆ. ಎರಡು ತಂತಿಗಳ ದುತಾರ ವಾದ್ಯದಲ್ಲಿ ಪ್ರಸಿದ್ಧನಾದ ಅಬ್ದುರಹೀಂ ಹೇಯಿತನು ಸೆರೆಯಲ್ಲಿ ಮೃತನಾದನೆಂದು ತುರ್ಕೀ ಸರಕಾರವು ೨೦೧೯ರ ಫೆಬ್ರವರಿ ೯ರಂದು ಪ್ರಕಟಿಸಿ, ಶಿಬಿರಗಳನ್ನು ಖಂಡಿಸಿತು. ಮರುದಿನವೇ ಚೀನಾದ ರೇಡಿಯೋ ಸಂಸ್ಥೆಯು ಅವನ ಚಲಚ್ಚಿತ್ರವೊಂದನ್ನು ಹೊರಡಿಸಿತು. ತಾನು ವಿಚಾರಣೆಗೆ ಒಳಪಟ್ಟಿರುವೆನೆಂದೂ, ಆರೋಗ್ಯವಾಗಿರುವೆನೆಂದೂ, ತನಗೆ ಯಾವ ಹಿಂಸೆಯೂ ಆಗಿಲ್ಲವೆಂದೂ ಅದರಲ್ಲಿ ಅವನು ನುಡಿದಿದ್ದನು. ಮರಣದ ವಾರ್ತೆ ಸುಳ್ಳಾಯಿತು. ಇದನ್ನು ಮುಚ್ಚುಮರೆಯಿಲ್ಲದೆ ಒಪ್ಪಬೇಕು. ಆದರೆ ಅವನು ಬಂಧಿತನೆಂಬುದು ಅದೇ ಚಿತ್ರದಿಂದ ಸಿದ್ಧವಾಯಿತು. ಹಿಂಸೆಯಾಗಿಲ್ಲವೆಂಬ ಮಾತಿಗೆ ಮಾತ್ರ ಬೆಲೆಯಿಲ್ಲ. ಹಿಡಿದವರ ಎದುರಿನಲ್ಲಿ ಸೆರೆಯಾಳು ಬೇರೇನನ್ನು ತಾನೇ ಹೇಳಿಯಾನು? ವಿದೇಶಗಳಲ್ಲಿದ್ದ ಉಯ್ಗುರರು ಆಗ ಕೇಳಿದ ಪ್ರಶ್ನೆ ಮಾರ್ಮಿಕವಾದುದು: ‘ಇವನನ್ನು ತೋರಿಸಿದಿರಿ, ನಮ್ಮ ತಂದೆತಾಯಿಗಳನ್ನೂ ತೋರಿಸುವಿರಾ?’

ಇಂಥ ಸಾಕ್ಷ್ಯವನ್ನು ತೂಗಲು ಬೇರೆ ಆಧಾರಗಳು ಬೇಕು. ಗೋಡೆ ಕಾವಲುಗೋಪುರಗಳು ಉಪಗ್ರಹಚಿತ್ರಗಳಲ್ಲಿ ಕಂಡವು. ಹೊರಬಂದವರ ಹೇಳಿಕೆಗಳೂ, ಬಂಧುಗಳು ಹೆಸರು ಹೆಸರಾಗಿ ಬರೆಸಿದ ದಾಖಲೆಗಳೂ ಸಂಗ್ರಹವಾದವು. ೨೦೨೨ರ ಮೇ ತಿಂಗಳಲ್ಲಿ ಪ್ರಕಟವಾದ ಪೊಲೀಸ್ ಕಡತಗಳಲ್ಲಿ ಒಂದೇ ಜಿಲ್ಲೆಯ ೨,೮೦೦ಕ್ಕೂ ಮಿಕ್ಕ ಬಂಧಿತರ ಭಾವಚಿತ್ರಗಳಿದ್ದವು. ಅತಿ ಕಿರಿಯಳಿಗೆ ೧೫, ಅತಿ ಹಿರಿಯಳಿಗೆ ೭೩ ವಯಸ್ಸು. ಅದೇ ವರ್ಷ ಆಗಸ್ಟ್ ೩೧ರಂದು ಸಂಯುಕ್ತ ರಾಷ್ಟ್ರಗಳ ಮಾನವಹಕ್ಕುಗಳ ಕಚೇರಿಯು, ಈ ಬಂಧನಗಳು ಮಾನವಕುಲದ ವಿರುದ್ಧವಾದ ಅಪರಾಧಗಳೆನಿಸಬಹುದೆಂದು ವರದಿ ಮಾಡಿತು. ಒಂದನ್ನೊಂದು ಅರಿಯದ ಮೂಲಗಳು ಒಂದೇ ಮಾತನ್ನಾಡಿದಾಗ ಅದು ಪ್ರಮಾಣವಾಗುತ್ತದೆ.

ನಮ್ಮ ಸಾಹಿತ್ಯಸಂಘಗಳು ಹಳ್ಳಿಯ ಹಾಡುಗಳನ್ನು ಕೂಡಿಡುವಂತೆ ಉಯ್ಗುರರ ಜಾನಪದವನ್ನು ಸಂಗ್ರಹಿಸಿದ ವಿದುಷಿ ರಾಹಿಲೆ ದಾವುತರು ೨೦೧೭ರ ಡಿಸೆಂಬರಿನಲ್ಲಿ ಕಣ್ಮರೆಯಾದರು. ಅವರಿಗೆ ಆಜೀವ ಕಾರಾವಾಸ ವಿಧಿಸಲ್ಪಟ್ಟುದು ದೃಢಪಟ್ಟದ್ದು ೨೦೨೩ರಲ್ಲಿ. ಸರಕಾರವು ತೋರಿಸಿದ ಮುಖಗಳನ್ನು ಪರೀಕ್ಷಿಸುವುದು ಚರಿತ್ರಕಾರನ ಅರ್ಧ ಕೆಲಸ. ತೋರಿಸದೆ ಉಳಿಸಿದ ಮುಖಗಳ ಲೆಕ್ಕವಿಡುವುದು ಮಿಕ್ಕರ್ಧ.