ಭಾರಿ ಮರದ ತೊಲೆಗಳ ಜೋಡಣೆಗೆ ಬಳಸುವ ಲೋಹದ ಸಾಧನಗಳು

ಹೆಂಚಿನ ಛಾವಣಿಯುಳ್ಳ ಹಳೆಯ ಶಾಲೆ ಹಾಗೂ ಕಚೇರಿ ಕಟ್ಟಡಗಳಲ್ಲಿ ಮರದ ತೊಲೆಗಳನ್ನು ಕಬ್ಬಿಣದ ಪಟ್ಟಿ, ಬೋಲ್ಟ್ ಮತ್ತು ಬೆಣೆಗಳಿಂದ ಬಂಧಿಸಿರುವುದನ್ನು ಕಾಣಬಹುದಾಗಿದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ತರುವಾಯ ಇಂತಹ ಛಾವಣಿಗಳು ವ್ಯಾಪಕವಾದವು. ಅಗಲವಾದ ಕೊಠಡಿಗಳಲ್ಲಿ ಹೆಂಚಿನ ಭಾರವನ್ನು ಹೊರುವುದು ಟ್ರಸ್ ಎಂಬ ತ್ರಿಕೋನಾಕಾರದ ಮರದ ಚೌಕಟ್ಟು. ತೊಲೆಗಳು ಎಷ್ಟೇ ದಪ್ಪವಿದ್ದರೂ ಜೋಡಣೆಗಳು ಸಡಿಲಗೊಂಡಲ್ಲಿ ಚೌಕಟ್ಟು ನಿಲ್ಲಲಾರದು.

ನಡುಗಂಬದ ಪಟ್ಟಿ

ಟ್ರಸ್‌ನ ನಡುಗಂಬವು ಛಾವಣಿಯನ್ನು ಕೆಳಗಿನಿಂದ ಎತ್ತಿ ಹಿಡಿದಿದೆ ಎಂಬುದು ಸಾಮಾನ್ಯ ಗ್ರಹಿಕೆ. ಕೆಲವು ಬಡಗಿಗಳೂ ಹಾಗೆಯೇ ಭಾವಿಸುವುದುಂಟು. ವಾಸ್ತವವಾಗಿ ಆ ಕಂಬವು ಮೇಲಿನಿಂದ ತೂಗುತ್ತಿರುತ್ತದೆ. ಅದರ ತಲೆಯು ಎರಡು ಓರೆತೊಲೆಗಳ ನಡುವೆ ಸಿಲುಕಿದ್ದು, ಬುಡವು ಅಡ್ಡತೊಲೆಯ ನಡುಭಾಗವನ್ನು ಬಾಗದಂತೆ ಮೇಲಕ್ಕೆಳೆದು ಹಿಡಿದಿರುತ್ತದೆ. ಈ ಎಳೆತವನ್ನು ಮರದ ಕಚ್ಚು ಮಾತ್ರವೇ ತಾಳಲಾರದು. ಆದುದರಿಂದ ಅಡ್ಡತೊಲೆಯ ಅಡಿಯಿಂದ ‘ಯು’ ಆಕಾರದ ಕಬ್ಬಿಣದ ಪಟ್ಟಿಯನ್ನು ತಂದು, ಅದರ ಎರಡೂ ತೋಳುಗಳನ್ನು ಕಂಬದ ಬುಡಕ್ಕೆ ಬಂಧಿಸಲಾಗುತ್ತದೆ. ಉತ್ತಮ ಕೆಲಸಗಳಲ್ಲಿ ಇಲ್ಲಿ ಕಬ್ಬಿಣದ ಬೆಣೆಗಳನ್ನು ಹೊಡೆದಿರುತ್ತಾರೆ. ಮರ ಒಣಗಿ ಜೋಡಣೆ ಸಡಿಲಗೊಂಡಾಗ ಬೆಣೆಯನ್ನು ಇನ್ನಷ್ಟು ಒಳಕ್ಕೆ ಹೊಡೆದು ಬಿಗಿಗೊಳಿಸಬಹುದಾಗಿದೆ.

ದುರಸ್ತಿಯ ವೇಳೆ ಈ ಪಟ್ಟಿಯನ್ನು ಅನಗತ್ಯವೆಂದು ಕಿತ್ತುಹಾಕಿದಲ್ಲಿ ಅಡ್ಡತೊಲೆಯು ನಡುವಿನಲ್ಲಿ ಜೋತುಬೀಳುತ್ತದೆ. ಅಡ್ಡತೊಲೆಯನ್ನೇ ಕತ್ತರಿಸಿದಲ್ಲಿ ಓರೆತೊಲೆಗಳು ಗೋಡೆಗಳನ್ನು ಹೊರಕ್ಕೆ ತಳ್ಳಿ ಛಾವಣಿ ಕುಸಿಯುವ ಸಂಭವವಿರುತ್ತದೆ.

ಬೋಲ್ಟ್ ಮತ್ತು ಸೀಳು ಉಂಗುರ

ಬೋಲ್ಟ್ ಒಂದನ್ನೇ ಬಳಸಿದಾಗ ಭಾರವು ರಂಧ್ರದ ಅಂಚಿನಲ್ಲಿ ಕೇಂದ್ರೀಕೃತವಾಗಿ ಮರ ನಲುಗುತ್ತದೆ ಅಥವಾ ಎಳೆಯ ಗುಂಟ ಸೀಳುತ್ತದೆ. ಇದರ ನಿವಾರಣೆಗಾಗಿ ಎರಡು ತೊಲೆಗಳ ಎದುರುಬದುರಾದ ಮುಖಗಳಲ್ಲಿ ವೃತ್ತಾಕಾರದ ತೋಡು ಕೊರೆದು, ಉಕ್ಕಿನ ಸೀಳು ಉಂಗುರದ ಅರ್ಧಭಾಗ ಒಂದರಲ್ಲಿಯೂ ಉಳಿದರ್ಧ ಮತ್ತೊಂದರಲ್ಲಿಯೂ ಕೂರುವಂತೆ ಮಾಡುವ ಕ್ರಮವಿದೆ. ಭಾರವನ್ನು ಮುಖ್ಯವಾಗಿ ಉಂಗುರವು ಸಾಗಿಸುತ್ತದೆ. ಬೋಲ್ಟ್ ತೊಲೆಗಳನ್ನು ಒತ್ತಿ ಹಿಡಿಯುತ್ತದೆ. ಅಮೆರಿಕದಲ್ಲಿ 2½ ಮತ್ತು 4 ಅಂಗುಲ ವ್ಯಾಸದ ಉಂಗುರಗಳು ರೂಢಿಯಲ್ಲಿವೆ.

ಮರದ ಕುಗ್ಗುವಿಕೆ

ಹಸಿಮರ ಪೂರ್ಣ ಒಣಗಿದಾಗ ಉದ್ದದಲ್ಲಿ ಸಾಮಾನ್ಯವಾಗಿ ಶೇಕಡಾ 0.1ರಿಂದ 0.2ರಷ್ಟು ಮಾತ್ರ ಕುಗ್ಗುತ್ತದೆ. ಅಗಲದಲ್ಲಿ ಅದರ ಹಲವು ಪಟ್ಟು. ಉಕ್ಕು ಹೀಗೆ ಕುಗ್ಗುವುದಿಲ್ಲ. ಆದಕಾರಣ ಅಗಲವಾದ ತೊಲೆಯ ಮೇಲಂಚು ಮತ್ತು ಕೆಳಂಚುಗಳನ್ನು ಒಂದೇ ಉಕ್ಕಿನ ಫಲಕಕ್ಕೆ ಬಿಗಿದಲ್ಲಿ, ತೊಲೆಯು ಒಣಗುವಾಗ ನಡುವೆ ಬಿರುಕುಬಿಡುತ್ತದೆ.

ನಿರ್ವಹಣೆ

ಸೋರುವ ಹೆಂಚಿನ ಕೆಳಗಿರುವ ಬೋಲ್ಟ್‌ಗಳು ಹೊರಗೆ ಸರಿಯಾಗಿ ಕಂಡರೂ ಮರದೊಳಗೆ ತುಕ್ಕು ಹಿಡಿದು ಸವೆದಿರಬಹುದು. ಮಳೆಗಾಲದ ನಂತರ ಇವುಗಳನ್ನು ಪರಿಶೀಲಿಸುವುದು ಸೂಕ್ತ. ಯಾವುದೇ ಪಟ್ಟಿ ಅಥವಾ ಬೋಲ್ಟನ್ನು ಬಿಚ್ಚುವ ಮುನ್ನ ಟ್ರಸ್‌ಗೆ ತಾತ್ಕಾಲಿಕ ಆಧಾರ ಒದಗಿಸತಕ್ಕದ್ದು.