ಆಸ್ತಿ ತೆರಿಗೆ ಮತ್ತು ಬಡಾವಣೆ ಕಾವಲು (ವಿಜಯಪುರ ಸೀಮೆ)

ಮನೆ, ಅಂಗಡಿ, ಖಾಲಿ ನಿವೇಶನಗಳ ಮೇಲೆ ಸ್ಥಳೀಯ ಸಂಸ್ಥೆ ವಿಧಿಸುವ ವಾರ್ಷಿಕ ಕರ. ವಿಜಯಪುರದಲ್ಲಿ ಇದನ್ನು ಮಹಾನಗರ ಪಾಲಿಕೆ 1976ರ ಕಾಯ್ದೆಯಡಿ ವಸೂಲು ಮಾಡುತ್ತದೆ. ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಹಳ್ಳಿಗಳಲ್ಲಿ ಮನೆ ಕರ ಗ್ರಾಮ ಪಂಚಾಯಿತಿಯದು. ಅದಕ್ಕೆ 1993ರ ಕಾಯ್ದೆ ಆಧಾರ. ನಗರದಲ್ಲಿ ಮಾಲೀಕರೇ ಮಾರ್ಗಸೂಚಿ ಬೆಲೆ ನೋಡಿ ಲೆಕ್ಕ ಹಾಕುತ್ತಾರೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ.

ಚಲನ್‌ನಲ್ಲಿ ತೆರಿಗೆಯ ಜೊತೆಗೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರುತ್ತವೆ. ಕಾವಲಿಗೆಂದು ಪ್ರತ್ಯೇಕ ಕರವಿಲ್ಲ. ಪೊಲೀಸ್ ರಾಜ್ಯಪಟ್ಟಿಯ ವಿಷಯವಾದ್ದರಿಂದ ಠಾಣೆಯ ಖರ್ಚು ರಾಜ್ಯ ಬಜೆಟ್ಟಿನದು. ಪಾಲಿಕೆಯ ಪಾಲಿಗೆ ಬರುವುದು ಮುಖ್ಯವಾಗಿ ಬೀದಿದೀಪ; ಕಳ್ಳರ ಮಟ್ಟಿಗೆ ಅದೂ ಸಣ್ಣ ಕಾವಲಲ್ಲ. ಬಡಾವಣೆಗಳಲ್ಲಿ ರಾತ್ರಿ ಸೀಟಿ ಊದುವ ಗೂರ್ಖಾನಿಗೆ ನಿವಾಸಿಗಳೇ ತಿಂಗಳಿಗೊಮ್ಮೆ ಕೈಯಿಂದ ಕೊಡುವುದು ರೂಢಿ. ಅದು ವಂತಿಗೆ, ತೆರಿಗೆಯಲ್ಲ. ಕೊಡದವರನ್ನು ಕೇಳಲು ಕಾನೂನಿನ ಬಲವಿಲ್ಲ.

ಹಿಂದೆ ಹೀಗಿರಲಿಲ್ಲ. ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಅಲ್ಲಿನ 1890ರ ಜಿಲ್ಲಾ ಪೊಲೀಸ್ ಕಾಯ್ದೆಯ 25ನೇ ಕಲಮಿನಂತೆ, ಗಲಭೆಯ ಪ್ರದೇಶಕ್ಕೆ ಹೆಚ್ಚುವರಿ ಪೊಲೀಸರನ್ನು ಹಾಕಿ ಆ ವೆಚ್ಚವನ್ನು ನಿವಾಸಿಗಳಿಂದಲೇ ವಸೂಲು ಮಾಡಬಹುದಿತ್ತು. ಅದು ಸೇವೆಯ ಬೆಲೆಗಿಂತ ದಂಡವೇ ಆಗಿತ್ತು.