ಆಂಟೆನಾದ ಗಣಕ ಮಾದರಿಯಲ್ಲಿ ಲೋಹ ಮತ್ತು ನೆಲ: ವಿಜಯನಗರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು

1. ಪ್ರಸ್ತಾವನೆ

ವಿದ್ಯುತ್ಕಾಂತೀಯ ತಂತ್ರಾಂಶದಲ್ಲಿ ಆಂಟೆನಾದ ಮಾದರಿ ಕಟ್ಟುವವರು ಲೋಹವನ್ನು ರೋಧವೇ ಇಲ್ಲದ ಆದರ್ಶ ವಾಹಕವೆಂದು ಎಣಿಸಿ ಲೆಕ್ಕ ತೊಡಗುವುದು ರೂಢಿ. ಈ ಎಣಿಕೆ ಎಲ್ಲಿಯವರೆಗೆ ಸಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಇಲ್ಲಿನ ಪ್ರಶ್ನೆ. ಮಾದರಿಯ ಎಲ್ಲ ಭಾಗಗಳೂ ಒಂದೇ ಮಟ್ಟದಲ್ಲಿ ನಿಖರವಾಗಿರಬೇಕಿಲ್ಲ. ಶಕ್ತಿ ಸೋರುವ ಜಾಗದಲ್ಲಿ ಅದು ನಿಖರವಾಗಿರಲೇಬೇಕು ಎಂಬುದು ಈ ಲೇಖನದ ವಾದ.

2. ಲೋಹದ ನಷ್ಟ

ಹೆಚ್ಚಿನ ಆವೃತ್ತಿಯ ವಿದ್ಯುತ್ತು ಲೋಹದ ಮೇಲ್ಪದರದಲ್ಲಷ್ಟೇ ಹರಿಯುತ್ತದೆ. 100 ಮೆಗಾಹರ್ಟ್ಸ್‌ನಲ್ಲಿ ಆ ಪದರದ ಆಳ ತಾಮ್ರದಲ್ಲಿ ಸುಮಾರು 6.6 ಮೈಕ್ರೋಮೀಟರ್, ಕಾಂತೀಯವಲ್ಲದ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು 42. ಇಷ್ಟು ತೆಳುವಾದ ಪದರವನ್ನು ಸಣ್ಣ ಕೋಶಗಳಾಗಿ ಒಡೆದು ಲೆಕ್ಕ ಹಾಕುವುದು ದುಬಾರಿ. ಅದಕ್ಕಾಗಿ ಲೋಹದ ಒಳಭಾಗವನ್ನು ಕೈಬಿಟ್ಟು ಮೇಲ್ಮೈಗೆ ಇಂಪೀಡೆನ್ಸ್ ನಿಗದಿಮಾಡಲಾಗುತ್ತದೆ. ಎನ್‌ಇಸಿ-2ರಂಥ ತಂತಿ ಆಧಾರಿತ ತಂತ್ರಾಂಶದಲ್ಲೂ ತಂತಿಯ ವಾಹಕತೆಯನ್ನು ಸೇರಿಸಲು ಅವಕಾಶವಿದೆ.

ಎರಡು ಲೆಕ್ಕಗಳನ್ನು ಹೋಲಿಸೋಣ. ಮೊದಲನೆಯದು 10 ಮಿಲಿಮೀಟರ್ ದಪ್ಪದ ಸ್ಟೇನ್‌ಲೆಸ್ ಸರಳಿನಿಂದ ಮಾಡಿದ, 100 ಮೆಗಾಹರ್ಟ್ಸ್‌ನ ಅರ್ಧತರಂಗ ಡೈಪೋಲ್. ಇದರ ವಿಕಿರಣ ರೋಧ ಸುಮಾರು 73 ಓಮ್, ಲೋಹದ ನಷ್ಟರೋಧ ಕೇವಲ 0.4 ಓಮ್. ಆದರ್ಶ ವಾಹಕದ ಎಣಿಕೆಯಿಂದ ಇಲ್ಲಿ ಶೇ. 1ರಷ್ಟೂ ತಪ್ಪಾಗದು. ಎರಡನೆಯದು 22 ಮಿಲಿಮೀಟರ್ ತಾಮ್ರದ ಕೊಳವೆಯನ್ನು ಬಾಗಿಸಿ ಮಾಡಿದ, ಒಂದು ಮೀಟರ್ ವ್ಯಾಸದ, 7 ಮೆಗಾಹರ್ಟ್ಸ್‌ನ ಲೂಪ್. ಇದರ ವಿಕಿರಣ ರೋಧ 0.006 ಓಮ್‌ನ ಆಸುಪಾಸು, ತಾಮ್ರದ ನಷ್ಟರೋಧ 0.031 ಓಮ್. ಒಳಹೋದ ಶಕ್ತಿಯಲ್ಲಿ ಹೊರಸೂಸುವುದು ಸುಮಾರು ಶೇ. 15 ಮಾತ್ರ, ಅದೇ ಲೂಪನ್ನು ಸ್ಟೇನ್‌ಲೆಸ್‌ನಲ್ಲಿ ಮಾಡಿದರೆ ಶೇ. 3ಕ್ಕಿಂತ ಕಡಿಮೆ. ಬೆಸುಗೆ, ಕೀಲುಗಳ ರೋಧ ಇನ್ನೂ ಬೇರೆ. ಆದರ್ಶ ವಾಹಕದ ಮಾದರಿಯಾದರೋ ಇದಕ್ಕೆ ಶೇ. 100 ದಕ್ಷತೆ ತೋರಿಸುತ್ತದೆ.

3. ನೆಲದ ಪಾತ್ರ

ನೆಲದ ಮೇಲೆ ನಿಲ್ಲಿಸಿದ ಲಂಬ ಆಂಟೆನಾದಲ್ಲಿ ವಿದ್ಯುತ್ತು ಮರಳುವ ದಾರಿಯೇ ಮಣ್ಣು. ಕೂಡ್ಲಿಗಿಯ ಕಡೆ ಮರಳುಮಿಶ್ರಿತ ಮಸಾರಿ ನೆಲ ಹೆಚ್ಚು. ಹಡಗಲಿ, ಹರಪನಹಳ್ಳಿಗಳಲ್ಲಿ ಮಸಾರಿಯ ಜೊತೆಗೆ ಎರೆ ಭೂಮಿಯೂ ಇದೆ. ಒಣ ಮರಳು ನೆಲಕ್ಕೆ ಸಾಪೇಕ್ಷ ಪರ್ಮಿಟಿವಿಟಿ 5, ವಾಹಕತೆ ಮೀಟರಿಗೆ 0.001 ಸೀಮೆನ್ಸ್ ಎಂದೂ, ಹಸಿ ಜೇಡಿಗೆ 20 ಮತ್ತು 0.03 ಎಂದೂ ಹಿಡಿಯೋಣ. 7 ಮೆಗಾಹರ್ಟ್ಸ್ ತರಂಗದ ಪ್ರಬಲತೆ ಶೇ. 37ಕ್ಕೆ ಇಳಿಯುವ ಆಳ ಮೊದಲನೆಯದರಲ್ಲಿ ಸುಮಾರು 12 ಮೀಟರ್, ಎರಡನೆಯದರಲ್ಲಿ ಸುಮಾರು 1.2 ಮೀಟರ್. ಹತ್ತು ಪಟ್ಟಿನ ಈ ಅಂತರದ ಮುಂದೆ ತಾಮ್ರವೋ ಅಲ್ಯೂಮಿನಿಯಮ್ಮೋ ಎಂಬ ಚರ್ಚೆ ಗೌಣ. ಮಸಾರಿಯಲ್ಲಿ ತರಂಗ ಆಳಕ್ಕಿಳಿಯುವುದರಿಂದ ಮೇಲ್ಮಣ್ಣಿನ ಕೆಳಗಿರುವ ಬಂಡೆಯೂ ಲೆಕ್ಕಕ್ಕೆ ಬರುತ್ತದೆ. ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ತುಂಗಭದ್ರಾ ಹಿನ್ನೀರಿನ ಅಂಚು ಋತುವಿಗೆ ತಕ್ಕಂತೆ ಸರಿಯುವುದರಿಂದ ಅಲ್ಲಿ ಏಕರೂಪದ ನೆಲ ಎಂಬ ಎಣಿಕೆಯೇ ನಿಲ್ಲದು.

4. ಸಾರಸ್ ನಿದರ್ಶನ

ನೆಲದ ಈ ಅನಿಶ್ಚಿತತೆಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಕರ್ನಾಟಕದಲ್ಲೇ ಒಂದು ದಾರಿ ಕಂಡುಕೊಂಡಿತು. ಆಸ್ಟ್ರೇಲಿಯಾದಲ್ಲಿ ನಡೆದ ಎಡ್ಜಸ್ ಪ್ರಯೋಗವು ಮೊದಲ ನಕ್ಷತ್ರಗಳ ಕಾಲದ ಸಂಕೇತವೊಂದನ್ನು 78 ಮೆಗಾಹರ್ಟ್ಸ್ ಬಳಿ ಕಂಡಿರುವುದಾಗಿ 2018ರಲ್ಲಿ ಪ್ರಕಟಿಸಿತ್ತು. ಆಂಟೆನಾದ ಕೆಳಗೆ ಹಾಸಿದ ಲೋಹದ ಹಾಸಿನ ಅನುರಣನವೇ ಆ ಸಂಕೇತದಂಥ ಆಕಾರವನ್ನು ಮೂಡಿಸಬಲ್ಲದು ಎಂಬ ವಾದ 2019ರಲ್ಲಿ ಬಂತು. ರಾಮನ್ ಸಂಸ್ಥೆಯವರು 2020ರಲ್ಲಿ ತಮ್ಮ ಸಾರಸ್-3 ರೇಡಿಯೊ ದೂರದರ್ಶಕದ ಶಂಕುವಿನಾಕಾರದ ಆಂಟೆನಾವನ್ನು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಿನಲ್ಲೂ ತೇಲಿಬಿಟ್ಟರು. ಮಣ್ಣಿನ ಪದರಗಳ ಗುಣ ಅಡಿಗಡಿಗೆ ಬದಲಾಗುತ್ತದೆ. ನೀರಾದರೋ ಏಕರೂಪಿ, ಪರ್ಮಿಟಿವಿಟಿ ಸುಮಾರು 80. ಎಡ್ಜಸ್ ವರದಿಮಾಡಿದ ಆಕಾರವನ್ನು ಶೇ. 95.3 ವಿಶ್ವಾಸಮಟ್ಟದಲ್ಲಿ ತಳ್ಳಿಹಾಕುವ ಫಲಿತಾಂಶ 2022ರಲ್ಲಿ ‘ನೇಚರ್ ಅಸ್ಟ್ರಾನಮಿ’ಯಲ್ಲಿ ಪ್ರಕಟವಾಯಿತು. ಲೆಕ್ಕಕ್ಕೆ ಒಗ್ಗದ ನೆಲವನ್ನು ಬಿಟ್ಟು, ಲೆಕ್ಕಕ್ಕೆ ಒಗ್ಗುವ ನೀರನ್ನೇ ಅವರು ಆಯ್ದುಕೊಂಡಿದ್ದರು.

5. ಉಪಸಂಹಾರ

ಮಾದರಿ ಕಟ್ಟುವವರು ಮೊದಲು ವಿಕಿರಣ ರೋಧವನ್ನು ಲೋಹದ ನಷ್ಟರೋಧದೊಂದಿಗೆ ಹೋಲಿಸಬೇಕು. ನಷ್ಟರೋಧ ವಿಕಿರಣ ರೋಧಕ್ಕೆ ಹತ್ತಿರವಿದ್ದರೆ ಅಥವಾ ಅದನ್ನು ಮೀರಿದರೆ ಲೋಹದ ವಾಹಕತೆ, ಕೀಲು, ಮೇಲ್ಮೈಯ ಒರಟುತನಗಳನ್ನು ಬಿಡುವಂತಿಲ್ಲ. ಅದಕ್ಕಿಂತ ತೀರಾ ಕಡಿಮೆಯಿದ್ದರೆ ಶ್ರಮವನ್ನು ನೆಲದ ಕಡೆಗೆ ತಿರುಗಿಸಬೇಕು. ಈ ನಾಲ್ಕು ತಾಲ್ಲೂಕುಗಳಲ್ಲಿ ಆಂಟೆನಾ ನಿಲ್ಲಿಸುವವರು ಕೈಪಿಡಿಯ ಸರಾಸರಿ ನೆಲವನ್ನು ನಂಬದೆ, ಬೇಸಿಗೆಯಲ್ಲೂ ಮಳೆಗಾಲದಲ್ಲೂ ಅಲ್ಲಿನ ಮಣ್ಣನ್ನೇ ಅಳೆದು ಎರಡು ಲೆಕ್ಕ ಮಾಡಬೇಕು. ಫಲಿತಾಂಶವನ್ನು ಒಂದೇ ಸಂಖ್ಯೆಯಾಗಿ ಕೊಡದೆ, ಆ ಎರಡರ ನಡುವಿನ ವ್ಯಾಪ್ತಿಯಾಗಿ ಕೊಟ್ಟರೆ ಮಾತ್ರ ಅದು ಹೊಲದಲ್ಲಿ ನಿಂತ ಆಂಟೆನಾಕ್ಕೆ ಹೊಂದುತ್ತದೆ.